ಹೆಲ್ಮೆಟ್ಟಿನ ನಕ್ಷತ್ರಗಳು

ಒಹಾಯೋದ ಉಕ್ಕಿನ ಕಾರ್ಖಾನೆಯ ಊರೊಂದರಲ್ಲಿ ಸ್ಟ್ಯಾನ್ಲಿ ವೊಯ್ಚಿಕ್ ಹೈಸ್ಕೂಲಿನಲ್ಲಿ, ಹೆಲ್ಮೆಟ್ಟು ತೊಟ್ಟು ಮೈಗೆ ಮೈ ಗುದ್ದಿ ಆಡುವ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದಾಗ, ಎದುರಾಳಿಯನ್ನು ತಲೆಯಿಂದ ಗುದ್ದಿ ಕೆಡವಿದವನ ಹೆಲ್ಮೆಟ್ಟಿಗೆ ಕೋಚ್ ಒಂದು ನಕ್ಷತ್ರ ಅಂಟಿಸುತ್ತಿದ್ದರು. ಸ್ಟ್ಯಾನ್ಲಿಯ ಹೆಲ್ಮೆಟ್ಟಿನಲ್ಲಿ ಜಾಗವೇ ಉಳಿದಿರಲಿಲ್ಲ. ಹಾಗೆ ಗುದ್ದುವುದು ತಲೆಗೆ ಅಪಾಯ, ತಪ್ಪು ಎಂಬ ನಿಯಮ ಬಂದದ್ದು ಅವನು ಆಟ ಬಿಟ್ಟ ಮೇಲೆ. ಅಷ್ಟು ತಡವಾಗಿ ಬಂದ ನಿಯಮ ಯಾರಿಗೆ ಬೇಕಿತ್ತು?

ಐವತ್ತು ವರ್ಷಗಳ ಮೇಲೆ, ಈ ಶುಕ್ರವಾರ ಹೆಂಡತಿ ಲೊರೇನ್ ಅವನ ಕೈಹಿಡಿದು ಹಳೇ ಮೈದಾನಕ್ಕೆ ಕರೆತಂದಳು. ಆಟಗಾರನೊಬ್ಬ ತಲೆಯಿಂದ ಗುದ್ದಿದ; ರೆಫ್ರಿ ತಪ್ಪೆಂದು ಹಳದಿ ಬಟ್ಟೆ ಎಸೆದ.

"ಇವನಿಗೇನು ತಲೆ ಕೆಟ್ಟಿದ್ಯಾ? ನಕ್ಷತ್ರ ಕೊಡೋದು ಬಿಟ್ಟು ತಪ್ಪು ಅಂತಾನೆ," ಸ್ಟ್ಯಾನ್ಲಿ ಗೊಣಗಿದ.

"ಸುಮ್ನಿರಿ, ಕಾಫಿ ಕುಡೀರಿ," ಎಂದಳು ಲೊರೇನ್, ಅವನ ಮೊಣಕಾಲ ಮೇಲಿನ ಕಂಬಳಿ ಸರಿಪಡಿಸುತ್ತ.

ಅವನು ಲೋಟ ತೆಗೆದುಕೊಂಡು ಅವಳತ್ತ ನಯವಾಗಿ ತಿರುಗಿದ.

"ತುಂಬಾ ಉಪಕಾರ ಆಯ್ತಮ್ಮ. ನಿಮ್ಮ ಮಗನೂ ಆಡ್ತಿದಾನಾ?"