ಅಕ್ಕನ ಬ್ಯಾಂಕ್ ಸಾಹೇಬ

ಹೋದ ವರ್ಷ ಶ್ರಾವಣದಲ್ಲಿ ನನ್ನ ಗಂಡನ ಊರಾದ ಆಳಂದದಿಂದ ಬಸ್ ಹಿಡಿದು ಜೇವರ್ಗಿ ಹತ್ತಿರದ ಕೊಳಕೂರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಅಕ್ಕ, ಅವಳ ಗಂಡ, ಅವಳ ಅತ್ತೆ, ನಾನು ಟೀವಿ ಮುಂದೆ ಕುಳಿತೆವು. ಒಬ್ಬ ಠಕ್ಕನ ಸಿನಿಮಾ. ಊರೂರಿಗೆ ವೇಷ ಬದಲಿಸಿ ಹೋಗಿ ಮೋಸ ಮಾಡುವವನು, ಮೋಸ ಮಾಡಲು ಹೋದ ಹುಡುಗಿಯನ್ನೇ ಪ್ರೀತಿಸಿಬಿಡುತ್ತಾನೆ. ಅವನು ಎರವಲು ಕೋಟು ತೊಟ್ಟು ಹುಡುಗಿಯ ತಂದೆಯೆದುರು ದೊಡ್ಡ ಸಾಹೇಬನಂತೆ ಕುಳಿತಾಗ ಅತ್ತೆಗೆ ನಕ್ಕು ನಕ್ಕು ಕೆಮ್ಮು ಬಂತು. ಆ ಭರದಲ್ಲಿ ನಾನು ಅಂದುಬಿಟ್ಟೆ:

"ಅಕ್ಕಾ, ಥೇಟ್ ನಿನ್ನ ಬ್ಯಾಂಕ್ ಸಾಹೇಬನಂಗ ಅದಾನ ನೋಡ!"

ಯಾರೂ ನಗಲಿಲ್ಲ.

"ಯಾವ ಬ್ಯಾಂಕ್ ಸಾಹೇಬ?" ಎಂದು ಅಕ್ಕನ ಗಂಡ ಕೇಳಿದರು.

"ಏನಿಲ್ಲ ಮಾವ, ಸಿನಿಮಾ ನೋಡ್ರಿ," ಎಂದೆ. ಅಕ್ಕ ಟೀವಿಯ ಸದ್ದು ತಗ್ಗಿಸಿದಳು.

"ನಿಮಗಿಂತ ಮೊದಲ ಒಬ್ಬಾಂವ ನನ್ನ ನೋಡಾಕ ಬಂದಿದ್ದ. ಸೊಲ್ಲಾಪುರದಾಗ ಬ್ಯಾಂಕ್ ಸಾಹೇಬ ಅದೇನಿ ಅಂದ. ಖರೇ ಅಂದ್ರ ಖಾನಾವಳ್ಯಾಗ ತಾಟು ತೊಳೀತಿದ್ದ. ಅಪ್ಪಗ ಗೊತ್ತಾಗಿ ಹೊರಗ ಹಾಕಿದ್ರು."

ಇಷ್ಟು ನನಗೆ ತಿಳಿದಿತ್ತು. ಅಫಜಲಪುರದ ತವರಲ್ಲಿ ಅದು ನಮ್ಮ ನಗೆಯ ಕಥೆ. ಅಪ್ಪನ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಅವನ ನಡಿಗೆಯನ್ನು ಅಣಕಿಸುವುದರಲ್ಲಿ ನಾನೇ ಮುಂದು. ಅಕ್ಕನೂ ನಗುತ್ತಿದ್ದಳು, ಅಥವಾ ಹಾಗೆಂದು ನಾನು ತಿಳಿದಿದ್ದೆ.

"ಮರುದಿನ ಅಂವ ಬಸ್ ಸ್ಟ್ಯಾಂಡಿಗೆ ಬಂದಿದ್ದ," ಅಕ್ಕ ಮುಂದುವರಿಸಿದಳು. "ಕೈಬಳಿ ತರ್ತೇನಿ ಅಂತ ಮನ್ಯಾಗ ಹೇಳಿ ಹೋಗಿ ಭೆಟ್ಟಿಯಾದೆ. 'ನೌಕರಿ ಸುಳ್ಳು, ಆದ್ರ ನೀ ಮನಸಿಗೆ ಬಂದಿದ್ದು ಸುಳ್ಳಲ್ಲ' ಅಂದ. ನನಗೂ ಅಂವ ಮನಸಿಗೆ ಬಂದಿದ್ದ. ಅಪ್ಪಗ ಹೇಳಾಕ ಧೈರ್ಯ ಆಗ್ಲಿಲ್ಲ."

ಇವಳ ಎದುರಿಗೇ ಎಷ್ಟು ಸಲ ಹಾಗೆ ನಡೆದು ತೋರಿಸಿದ್ದೆ! ಅತ್ತೆ ಎದ್ದು ಅಡುಗೆಮನೆಗೆ ಹೋದರು. ಮಾವ ಟೀವಿ ಆರಿಸಿ ಅಕ್ಕನ ಕಡೆ ತಿರುಗಿದರು.

"ನಿನ್ನ ನೋಡಾಕ ಬಂದಾಗ ನಾ ತಂದಿದ್ದ ಬೈಕ್ ನಂದಲ್ಲ. ಗೆಳೆಯಂದು."

"ಅವತ್ತೇ ಗೊತ್ತಾಗಿತ್ರಿ. ಚಾಲೂ ಮಾಡಾಕ ಬರದ ಅಂಗಳದಾಗ ಒದ್ದಾಡಾಕತ್ತಿದ್ರಿ."

ಇಬ್ಬರೂ ನಕ್ಕರು. ನನ್ನಿಂದ ತಲೆ ಎತ್ತಲಾಗಲಿಲ್ಲ.

ಸಂಜೆ ಅಕ್ಕ ಬಸ್ಸಿನವರೆಗೆ ಬಂದಳು. "ತಪ್ಪಾತು ಅಕ್ಕಾ," ಎಂದೆ.

"ಮಾವಗ ಹೇಳಿದ್ದು ಹೋಗ್ಲಿ ಬಿಡು. ಅವನ್ನ ಮಾತ್ರ ಇನ್ನ ಅಣಕಿಸಬ್ಯಾಡ ಬೇ."

ಮುಂದೆ ತವರಿಗೆ ಹೋದಾಗ ನನ್ನ ತಮ್ಮ ಎಂದಿನಂತೆ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಆ ನಡಿಗೆ ಶುರುಮಾಡಿದ. ಸಾಕು ನಿಲ್ಲಿಸು ಎಂದು ಗದರಿದೆ. ಯಾಕೆ ಎಂದು ಅವ್ವನೂ ಕೇಳಿದಳು. ಅಕ್ಕನ ಗುಟ್ಟು ಬಿಡದೆ, ತಮ್ಮನ ಜೇಬಿನ ಪೆನ್ನು ತೆಗೆದಿಟ್ಟೆ.