ಸೊನ್ನೆಗಿಂತ ತಣ್ಣಗಿನ ರಾಮನಗರ

ತಾನು ನಂಬಿದ್ದು ಸುಳ್ಳೆಂದು ತಿಳಿದ ಕೂಡಲೇ ಅಲ್ಲೇ ನಿಂತುಬಿಡುವ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ. ನನ್ನಿಂದಂತೂ ಆಗದು. ಕನಕಪುರಕ್ಕೆ ಹೊರಟವನು, ದಾರಿ ತಪ್ಪಿದ್ದು ಗೊತ್ತಾದ ಮೇಲೂ ಮಾಗಡಿ ತನಕ ಸ್ಕೂಟರ್ ಓಡಿಸಿದ್ದೇನೆ. ಆದರೆ ಕಂಪ್ಯೂಟರಿನ ಸಿ ಭಾಷೆಯಲ್ಲಿ ಅದಕ್ಕೆಂದೇ ಒಂದು ಪುಟ್ಟ ಮಾತಿದೆ, ಅಸರ್ಟ್ ಎಂದು. ‘ಇದು ನಿಜವಾಗಿರಲೇಬೇಕು’ ಎಂದು ಪ್ರೋಗ್ರಾಮಿನ ನಡುವೆ ಬರೆದಿಟ್ಟರೆ ಸರಿ. ನಿಜವಲ್ಲದ ಗಳಿಗೆಯಲ್ಲಿ, ಯಾಕೆ ನಿಂತೆನೆಂದು ಹೇಳಿ ಪ್ರೋಗ್ರಾಂ ನಿಲ್ಲುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ರಾಮನಗರದ ಸಣ್ಣ ಕಾರ್ಖಾನೆಯೊಂದರಲ್ಲಿ, ರೇಷ್ಮೆಗೂಡು ಒಣಗಿಸುವ ಬಿಸಿಗಾಳಿ ಯಂತ್ರಗಳಿಗೆ ನಾನೂ ನನ್ನ ಸಹೋದ್ಯೋಗಿ ಸುಧಾಳೂ ಪ್ರೋಗ್ರಾಂ ಬರೆಯುತ್ತಿದ್ದೆವು. ‘ಒಳಗಿನ ಶಾಖ ಸೊನ್ನೆಗಿಂತ ಮೇಲಿರಲೇಬೇಕು’ ಎಂದು ಅವಳು ಒಂದು ಅಸರ್ಟ್ ಬರೆದಾಗ ನಾನು ನಕ್ಕೆ.

“ನಮ್ಮೂರ ಬಿಸಿಲು ನೋಡಿಲ್ವಾ ನೀನು?”

“ಬಿಸಿಲನ್ನ ನಂಬ್ತೀನಿ, ಶಾಖ ಅಳೆಯೋ ತಂತೀನ ನಂಬಲ್ಲ,” ಎಂದಳು. ಅಸರ್ಟಿನ ಮಾತು ಸುಳ್ಳಾದರೆ ಹೀಟರ್ ಆರಿ, ಕಾರಣ ಪರದೆಯ ಮೇಲೆ ಮೂಡುವಂತೆಯೂ ಮಾಡಿದಳು.

ಮೊದಲ ಯಂತ್ರ ಗೂಡಿನಿಂದ ನೂಲು ತೆಗೆಯುವ ನಂಜೇಗೌಡರ ರೀಲಿಂಗ್ ಘಟಕಕ್ಕೆ ಹೋಯಿತು. ಗೂಡು ತುಂಬಿ ಚಾಲೂ ಮಾಡಿದೆವು. ಚೆನ್ನಾಗಿ ಕಾಯುತ್ತಿದ್ದ ಯಂತ್ರ ಇದ್ದಕ್ಕಿದ್ದಂತೆ ನಿಂತುಹೋಯಿತು.

“ಇದ್ಯಾಕ್ ನಿಂತೋಯ್ತು? ಒಳ್ಗೆ ಗೂಡೈತೆ ಕಣಮ್ಮಾ! ಹುಳ ಸಾಯ್ದಿದ್ರೆ ಚಿಟ್ಟೆಯಾಗಿ ಎಲ್ಲಾ ತೂತ್ ಮಾಡ್ಬುಡ್ತವೆ,” ಎಂದು ಗೌಡರು ಓಡಿಬಂದರು.

ಸುಧಾ ಪರದೆ ನೋಡಿ, “ಒಳಗಿನ ಶಾಖ ಸೊನ್ನೆಗಿಂತ ಕೆಳಗೆ ಅಂತಿದೆ,” ಎಂದಳು.

“ಇಲ್ಲೇನ್ ಐಸ್ ಬಿದ್ದೈತಾ? ಆ ನಿಲ್ಲೋ ಬುದ್ಧೀನ ಮೊದ್ಲು ತೆಗ್ದಾಕಿ. ಸುಮ್ನೆ ಓಡ್ಲಿ!”

ನಾನು ಒಪ್ಪಿ ತಲೆಯಾಡಿಸುವುದರಲ್ಲಿದ್ದೆ. ಅಷ್ಟರಲ್ಲಿ ಸುಧಾ ಯಂತ್ರದ ಬಾಗಿಲು ತೆಗೆದಳು. ಬಿಸಿ ಮುಖಕ್ಕೆ ರಾಚಿತು. ಶಾಖ ಅಳೆಯುವ ತಂತಿ ಯಂತ್ರದ ಅದುರಾಟಕ್ಕೆ ಕಳಚಿಕೊಂಡು ನೇತಾಡುತ್ತಿತ್ತು; ಸೊನ್ನೆಗಿಂತ ಕೆಳಗಿನ ಸುಳ್ಳು ಅಂಕಿ ಬಂದದ್ದು ಅದರಿಂದಲೇ.

ಆ ಒಂದು ಸಾಲು ಇಲ್ಲದಿದ್ದರೆ, ಒಳಗೆ ಚಳಿಯೆಂದೇ ನಂಬಿ ಪ್ರೋಗ್ರಾಂ ಕಾಯಿಸುತ್ತಲೇ ಹೋಗುತ್ತಿತ್ತು. ಗೂಡಿನ ಜೊತೆ ಘಟಕವೂ ಹೊತ್ತಿಕೊಳ್ಳುತ್ತಿತ್ತೇನೋ. ಬೆಂಕಿ ಎಂದರೇನೆಂದೇ ಅರಿಯದ ನಾಲ್ಕಾರು ಅಕ್ಷರಗಳು ಬೆಂಕಿಗೆ ಅಡ್ಡ ನಿಂತಿದ್ದವು!

ಗೌಡರು ಒಂದು ಗೂಡನ್ನು ಎತ್ತಿ, ತಿರುಗಿಸಿ ನೋಡಿದರು. ಬೆಳ್ಳಗೇ ಇತ್ತು. ಆಮೇಲೆ ಸುಧಾಳತ್ತ ತಿರುಗಿ ಮೆಲ್ಲಗೆ ಹೇಳಿದರು:

“ಅದ್ನ ತೆಗೀಬೇಡಿ ಕಣಮ್ಮಾ. ನಾಳೀಕೆ ನಾನೇ ಬೈದ್ರೂವೆ ತೆಗೀಬೇಡಿ.”

ತನ್ನ ಮಾತನ್ನೇ ಮೀರುವ ಅಧಿಕಾರವನ್ನು ಯಜಮಾನನೊಬ್ಬ ತಾನಾಗಿ ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.