ಮೊರಬದಲ್ಲಿ ತಪ್ಪು ಹೇಳಲು ಕಲಿತೆ

ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮ ನಂಜನಗೂಡಿನ ಕಡೆಯವರಿಗೆ ಈ ಮಾತೇ ವಿಚಿತ್ರ. ಅಲ್ಲಿ ರಾಗಿ ಹಿಟ್ಟು ತೊಳಸಿ, ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿದರೆ ಮುಗಿಯಿತು. ಇಲ್ಲಿ ಜೋಳದ ಹಿಟ್ಟನ್ನು ನಾದಿ, ಅಂಗೈಯಿಂದ ಬಡಿದು ಬಡಿದು ಅಗಲ ಮಾಡಬೇಕು. ಯಜಮಾನರಿಗೆ ವರ್ಗವಾಗಿ ಹುಬ್ಬಳ್ಳಿ ಕಡೆಯ ಈ ಮೊರಬಕ್ಕೆ ಬಂದ ಮೊದಲ ಬೆಳಗ್ಗೆ ಅಕ್ಕಪಕ್ಕದ ಮನೆಗಳಿಂದೆಲ್ಲ ಪಟಪಟ ಸದ್ದು ಕೇಳಿ, ಯಾರೋ ಹೆಂಡತಿಯನ್ನು ಹೊಡೆಯುತ್ತಿದ್ದಾರೆಂದು ಹೆದರಿ ‘ಶಿವಶಿವಾ’ ಎಂದು ಎದ್ದು ಕೂತಿದ್ದೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ಎಲ್ಲರೂ ಒಂದೇ ಆದೆವು ಎನ್ನುತ್ತಾರೆ. ನನ್ನ ಕಿವಿಗೆ ಇನ್ನೂ ಆಗಿರಲಿಲ್ಲ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ ಯಜಮಾನರು ಬಂದರು. ಬಲಗಣ್ಣಿಗೆ ಪಟ್ಟಿ. ಇಲ್ಲಿಯ ಕಪ್ಪು ಎರೆಮಣ್ಣು ಮಳೆ ಬಿದ್ದರೆ ಚಪ್ಪಲಿಗೆ ಗಾರೆಯಂತೆ ಮೆತ್ತುತ್ತದೆ. ದಿನವೂ ಹೊಸ್ತಿಲಾಚೆಯೇ ಕೆರೆದು ಬರುವವರು ಅವತ್ತು ಹಾಗೆಯೇ ಒಳಗೆ ಬಂದು ಗೋಡೆಗೆ ಒರಗಿದರು.

“ಓದೋದು, ಬರೆಯೋದು ಬಂದ್ ಅಂತೆ ಕಣೇ. ಸಿನಿಮಾನೂ ನೋಡಬಾರದಂತೆ, ಅವರು ಹೇಳೋವರೆಗೂ.”

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಅವರು ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ಪಾಠಗಳೆಲ್ಲ ಬಾಯಿಗೆ ಬರುತ್ತಿದ್ದವು, ಕೆಲಸಕ್ಕೆ ಭಯವಿರಲಿಲ್ಲ. ಅದು ಶಿವನ ದಯೆ. ಭಯವಿದ್ದದ್ದು ಒಂದು ಪುಟಕ್ಕೆ. ಹುಬ್ಬಳ್ಳಿಯಿಂದ ಹೊರಡುವ ಪುಟ್ಟ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ ಅವರು ಪುಸ್ತಕ, ಸಿನಿಮಾಗಳ ವಿಮರ್ಶೆ ಬರೆಯುತ್ತಿದ್ದರು. ಬೇಡ ಬೇಡವೆಂದರೂ ವರ್ಗವಾಗಿ ಬಂದ ಈ ಊರಿನಲ್ಲಿ ಅವರ ಮುಖದಲ್ಲಿ ನಗು ಕಾಣಿಸುತ್ತಿದ್ದುದು ಪತ್ರಿಕೆ ಕೈಗೆ ಬಂದ ದಿನ ಮಾತ್ರ. ಪುಟ ಖಾಲಿ ಬಿಡುವ ಹಾಗಿಲ್ಲ, ಬೇರೆಯವರಿಗೆ ಕೊಟ್ಟರೆ ಮತ್ತೆ ಕೇಳಬೇಡಿ ಎಂದು ಸಂಪಾದಕರು ಹೇಳಿದ್ದರಂತೆ.

“ನೀನೇ ಬರಿ,” ಅಂದರು.

“ನಾನಾ? ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಾ?”

“ನೀನು ಓದಿ ಹೇಳು, ಇಂಗ್ಲಿಷು ನಾನು ತಿದ್ದುತೀನಿ. ಆದ್ರೆ ಅಭಿಪ್ರಾಯ ಕೇಳಬೇಡ. ನೋಡೋಳು ನೀನು, ನಾನಲ್ಲ.”

ಒಂಟಿಯಾಗಿ ಹುಬ್ಬಳ್ಳಿಗೆ ಹೋಗಲು ಹೆದರಿ, ಮನೆಯ ಒಡತಿ ನೀಲವ್ವನವರನ್ನು ಜೊತೆಗೆ ಕರೆದೆ. ಇಂಗ್ಲಿಷ್ ಸಿನಿಮಾ, ಮಧ್ಯಾಹ್ನದ ಆಟ. ನಾನು ಒಂದೊಂದು ಮಾತಿಗೂ ಕಿವಿ ನಿಗುರಿಸಿ ಕೂತಿದ್ದರೆ, ನೀಲವ್ವ ಮೊಣಕೈಯಿಂದ ತಿವಿದರು.

“ಏನ್ ಗುಸುಗುಸು ಮಾತಾಡ್ತಾರ ಬೇ ಇವ್ರು, ಮನಿಯಾಗ ಹೆಣಾ ಇಟ್ಕೊಂಡವ್ರಗತೆ! ಏನಂದ ಅಂವ?”

“ಮದುವೆ ಆಗು ಅಂತಿದಾನೆ.”

“ಅಷ್ಟ ಹೇಳಾಕ ಇಷ್ಟೊತ್ತ? ನಮ್ಮನಿಯಾಂವ ಬಂದು ನೋಡಿ, ಅವಲಕ್ಕಿ ತಿಂದು, ಹ್ಞೂಂ ಅಂದಿದ್ದ. ಮುಗೀತು.”

ಮುಂದಿನ ಸಾಲಿನವರು ಹಿಂತಿರುಗಿ ನೋಡಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಆ ನಗುವಿನಲ್ಲಿ ಎರಡು ಮಾತು ತಪ್ಪಿಹೋದವು, ಆಮೇಲೆ ಅದೇ ಚಿಂತೆ.

ಬರೆಯಲು ಕೂತರೆ ಸ್ಪೆಲಿಂಗೇ ಮೊದಲ ಕಾಟ. ಅವರ ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು, ಬೇಳೆಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದು ಪದ ಹುಡುಕಿದೆ. ಮೊದಲಿನಿಂದ ಕೊನೆಯವರೆಗೆ ಕಥೆಯೆಲ್ಲ ಬರೆದು, ಎಲ್ಲರ ಅಭಿನಯವನ್ನೂ ಹೊಗಳಿ, ನೋಡಿದವರಿಗೆಲ್ಲ ಒಳ್ಳೆಯದಾಗಲಿ ಎಂದು ಮುಗಿಸಿದೆ. ಯಜಮಾನರು ಕೇಳಿ, ವ್ಯಾಕರಣವಷ್ಟೇ ತಿದ್ದಿದರು. ಅಷ್ಟಕ್ಕೇ ಬಿಟ್ಟದ್ದು ನನಗೆ ಸರಿಬರಲಿಲ್ಲ.

ಕಣ್ಣು ತೋರಿಸಲು ಇಬ್ಬರೂ ಹುಬ್ಬಳ್ಳಿಗೆ ಹೋದಾಗ ಪ್ರೆಸ್ಸಿಗೂ ಹೋದೆವು. ಸಂಪಾದಕರು ಓದಿ, ಕನ್ನಡಕ ತೆಗೆದಿಟ್ಟರು.

“ಅಕ್ಕಾರ, ಕಥಿ ಪೂರಾ ಹೇಳಿಬಿಟ್ಟೀರಿ. ಇನ್ನ ಮಂದಿ ಥೇಟರಿಗೆ ಯಾಕ ಹೋಗಬೇಕ್ರಿ? ಮತ್ತ ಒಂದರ ತಪ್ಪು ಹೇಳೀರೇನ್ರಿ? ಇದು ವಿಮರ್ಶಾ ಅಲ್ರಿ, ಲಗ್ನಪತ್ರಿಕಾ!”

ಯಜಮಾನರು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಇದೊಂದು ತಿಂಗಳಾ ಹಳೇ ಲೇಖನ ಹಾಕ್ತೇನಿ,” ಎಂದು ಅವರು ಒಂದು ಇಂಗ್ಲಿಷ್ ಕಾದಂಬರಿ ಕೈಗಿಟ್ಟರು. “ಇದರ ಮ್ಯಾಲ ಖರೇ ಖರೇ ಬರೀರಿ. ಇಲ್ಲಾಂದ್ರ ಪುಟಾ ಬ್ಯಾರೆದವ್ರಿಗೆ.”

ಬಸ್ಸಿನಲ್ಲಿ ಯೋಚಿಸಿದೆ. ತಪ್ಪು ಎಲ್ಲಿಂದ ಹುಡುಕಲಿ? ಲಿಂಗಪೂಜೆ ಮಾಡಿ ಉಣ್ಣುವ ಮನೆಯಲ್ಲಿ ಬೆಳೆದವಳು. ಎಡೆಗೆ ಬಂದದ್ದು ಪ್ರಸಾದ. ಉಪ್ಪಿಲ್ಲ, ಹುಳಿಯಿಲ್ಲ ಅನ್ನುವಂತಿಲ್ಲ, ಒಂದಗುಳೂ ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯಬೇಕು. ಸಿನಿಮಾವನ್ನೂ ನಾನು ಹಾಗೆಯೇ ಉಂಡಿದ್ದೆ. ಒಂದು ತುತ್ತನ್ನೂ ಬಿಟ್ಟಿರಲಿಲ್ಲ, ಒಂದು ಕೊರತೆಯನ್ನೂ ಹೇಳಿರಲಿಲ್ಲ.

ಆ ವಾರ ಮೊದಲ ಸಲ ಪುಂಡಿಪಲ್ಯ ಮಾಡಿದ್ದೆ. ಪುಂಡಿ ಎಂದರೆ ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಬೇಯಿಸುವ ಹುಳಿಯಾದ ಒಂದು ಸೊಪ್ಪು, ಇಲ್ಲಿ ಅದಿಲ್ಲದೆ ರೊಟ್ಟಿ ಇಳಿಯುವುದಿಲ್ಲ. ನೀಲವ್ವನವರಿಗೂ ಬಡಿಸಿದೆ.

“ನುಚ್ಚು ಕಮ್ಮಿ ಆಗೇತಿ, ಬಳ್ಳೊಳ್ಳಿ ಹೊತ್ತೇತಿ,” ಎಂದು ಅವರು ಮುಖದ ಮೇಲೆಯೇ ಹೇಳಿಬಿಟ್ಟರು. ನಮ್ಮ ಕಡೆ ಹೀಗಿಲ್ಲ. ‘ಚೆನ್ನಾಗಿದೆ’ ಎಂದು ಉಂಡು, ಮನೆಗೆ ಹೋಗಿ ಆಡಿಕೊಳ್ಳುತ್ತೇವೆ. ನನ್ನ ಕಣ್ಣು ತುಂಬಿತು. ಅವರು ಮಾತ್ರ ತಾಟನ್ನು ಚೊಕ್ಕ ಬಳಿದು, ತೊಳೆದು, ಆ ನೀರು ಕುಡಿದರು.

“ಪ್ರಸಾದಕ್ಕೆ ತಪ್ಪು ಹೇಳಬಾರದಲ್ವಾ?” ಅಂದೆ, ಸ್ವಲ್ಪ ಬಿಗಿಯಾಗಿಯೇ.

“ಪ್ರಸಾದಕ್ಕ ಎಲ್ಲೆ ಹೇಳಿದ್ನೇ ಹುಚ್ಚಿ? ಮಾಡಿದಾಕಿ ನೀನು, ನಿನಗ ಹೇಳಿದೆ. ಬಾಜೂ ಮನಿಯಾಗ ಹೇಳಿದ್ರ ಅದು ಚಾಡಿ ಆಕ್ಕೇತಿ.”

ಆ ಮಾತು ಹಿಡಿದುಕೊಂಡೇ ಕಾದಂಬರಿ ಓದಿದೆ. ಒಬ್ಬ ದೈವಭಕ್ತೆಯ ಕಥೆ. ಗಂಡ ಹಾಸಿಗೆ ಹಿಡಿಯುತ್ತಾನೆ, ಮನೆ ಹೋಗುತ್ತದೆ, ಆಕೆ ಎಲ್ಲವನ್ನೂ ದೇವರ ಇಚ್ಛೆ ಎಂದು ತಲೆಬಾಗಿ ಸ್ವೀಕರಿಸುತ್ತಾಳೆ. ಭಾಷೆ ಮುತ್ತಿನ ಹಾಗೆ. ಆದರೂ ಈ ತುತ್ತು ಇಳಿಯಲಿಲ್ಲ. ಯಜಮಾನರು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ದಿನದಿಂದ ಪೂಜೆಗೆ ಕೂತಾಗಲೆಲ್ಲ, ಅಂಗೈಯಲ್ಲಿದ್ದ ಲಿಂಗವನ್ನು ನೋಡಿ ‘ಓದುವವರ ಕಣ್ಣೇ ಬೇಕಿತ್ತಾ ನಿನಗೆ?’ ಎಂದು ಕೇಳುತ್ತಿದ್ದೆ. ಕೇಳಿ, ಕೆನ್ನೆ ಬಡಿದುಕೊಂಡು, ಮತ್ತೆ ಕೇಳುತ್ತಿದ್ದೆ.

ಕೊನೆ ಹೇಗಾಗುತ್ತದೆಂದು ಈ ಸಲ ಬರೆಯಲಿಲ್ಲ. ಭಾಷೆಯನ್ನು ಮನಸಾರೆ ಹೊಗಳಿ, ಆಮೇಲೆ ಇಂಗ್ಲಿಷಿನಲ್ಲಿ ಹೀಗೆ ಬರೆದೆ: ‘ಇಷ್ಟು ಕಷ್ಟದಲ್ಲೂ ಒಂದು ದಿನವೂ ದೇವರ ಮೇಲೆ ಸಿಟ್ಟಾಗದ ಈ ಹೆಂಗಸನ್ನು ನಾನು ನಂಬಲಾರೆ. ದೇವರನ್ನು ಅಷ್ಟು ಹತ್ತಿರದವನೆಂದು ತಿಳಿದವಳು ಒಮ್ಮೆಯಾದರೂ ಜಗಳವಾಡುತ್ತಾಳೆ.’

ಹೆದರುತ್ತಲೇ ಓದಿ ಹೇಳಿದೆ. ಪಾಪವೋ ಏನೋ. ಯಜಮಾನರು ಇನ್ನೊಮ್ಮೆ ಓದಿಸಿದರು.

“ಇದರಲ್ಲಿ ತಿದ್ದೋದು ಏನೂ ಇಲ್ಲ,” ಅಂದರು.

ಕೆಳಗೆ ಅವರ ಹೆಸರನ್ನೇ ಬರೆದೆ. ಮರುದಿನ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೊರಟ ಅವರೇ ಅದನ್ನು ಒಯ್ದರು. ಪುಟ ಉಳಿಯಲಿ ಎಂದು ಅಂದಿನಿಂದ ದಿನವೂ ದೀಪಕ್ಕೆ ಕೈಮುಗಿದೆ.

ಪತ್ರಿಕೆ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು. ಬಿಚ್ಚಿದರೆ, ಆ ಪುಟದ ತಲೆಯ ಮೇಲೆ ಯಜಮಾನರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು. ಪಕ್ಕದಲ್ಲಿ ‘ಮೊರಬ’. ಇನ್ನು ಮುಂದೆ ಈ ಪುಟ ಇವರದು ಎಂಬ ಸಂಪಾದಕರ ಸಾಲೂ ಇತ್ತು.

“ಅಯ್ಯೋ, ತಪ್ಪಾಗಿದೆ ಕಣ್ರೀ! ನಿಮ್ಮ ಹೆಸರು ತೆಗೆದಿದ್ದಾರೆ!”

“ನಾನೇ ಹೇಳಿದ್ದು,” ಅಂದರು. “ಲೇಖನ ತಗೊಂಡು ಹೋದ ದಿನ, ಆ ಕಣ್ಣು ಇನ್ನು ಬರಲ್ಲ ಅಂದುಬಿಟ್ಟರು ಡಾಕ್ಟರು. ಇನ್ನೊಂದನ್ನ ಕಾಪಾಡ್ಕೋಬೇಕು. ನಿನಗೆ ಹೇಳೋಕೆ ಬಾಯಿ ಬರಲಿಲ್ಲ. ಈಗ ಓದು, ಕೇಳ್ತೀನಿ.”

ಓದಿದೆ. ಯಾರಿಗಾಗಿ ಪುಟ ಉಳಿಸಲು ಹೆಣಗಿದೆನೋ ಅವರೇ ಗೋಡೆಗೆ ಒರಗಿ ಓದುಗರಾಗಿ ಕೂತಿದ್ದರು. ಇನ್ನೊಂದು ಕಣ್ಣು ಇದೆಯಲ್ಲ ಎಂದು ಶಿವನಿಗೆ ಶರಣೆಂದೆ, ಮರುಕ್ಷಣವೇ ಅವನ ಮೇಲೆ ಸಿಟ್ಟಾದೆ. ಮೊರಬದವಳೆಂದು ಅಚ್ಚಾಗಿದ್ದೇನೆ. ಕಷ್ಟ ಬಂದರೆ ಬಾಯಿಗೆ ಬರುವುದು ಇನ್ನೂ ನಂಜುಂಡೇಶ್ವರನೇ. ಬೈಯುವುದನ್ನು ಮಾತ್ರ ಈ ಊರಿನ ಧಾಟಿಯಲ್ಲಿ ನೇರವಾಗಿ ಬೈಯುತ್ತೇನೆ.

“ತಂಗೀ, ಕೆರಿಗೆ ಹೋಗೂಣು ಬಾ, ಹೊತ್ತಾತು,” ನೀಲವ್ವ ಹೊರಗಿನಿಂದ ಕೂಗಿದರು. ಇಲ್ಲಿಯ ಬಾವಿ ನೀರು ಸವುಳು, ಕುಡಿಯಲು ಕೆರೆಯ ನೀರೇ ಆಗಬೇಕು. ಪತ್ರಿಕೆಯನ್ನು ಯಜಮಾನರ ಕೈಗೆ ಕೊಟ್ಟು, ಕೊಡ ತೊಳೆಯಲು ಎದ್ದೆ.